ವ್ಯಾನಿನ ಚಾವಣಿಗೊಂದು ಅಂಗಿ

ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಹೇಮಲತಾ ಮೂವತ್ತೊಂದು ವರ್ಷ ಒಂದೇ ಕೆಲಸ ಮಾಡಿದಳು. ಸೋರುತ್ತದೆಯೋ ಇಲ್ಲವೋ ನೋಡುವ ಕೆಲಸ. ದೊಡ್ಡ ನೀರಿನ ಕೊಳವೆಗಳಿಗೆ ಹಾಕುವ, ಎದೆಯೆತ್ತರದ ಕಬ್ಬಿಣದ ವಾಲ್ವುಗಳು ಅವಳ ಮುಂದೆ ಬಂದು ನಿಲ್ಲುತ್ತಿದ್ದವು. ಅವುಗಳ ಹೊಟ್ಟೆಗೆ ನೀರು ತುಂಬಿ, ಒತ್ತಡ ಏರಿಸಿ, ಹತ್ತು ನಿಮಿಷ ಕಣ್ಣು ಕೀಳದೆ ಕಾಯಬೇಕು. ಒಂದು ಹನಿ ಕಂಡರೂ ಸರಕು ವಾಪಸ್. ಮ್ಯಾನೇಜರು ಬಂದು ಗೋಗರೆದರೂ ಅವಳು ಪಾಸ್ ಮುದ್ರೆ ಒತ್ತಿದವಳಲ್ಲ.

ಪಾಸಾದ ವಾಲ್ವುಗಳು ನಾಡಿನ ಮೂಲೆಮೂಲೆಯ ಪಂಪ್‌ಹೌಸುಗಳಿಗೆ ಹೋಗುತ್ತಿದ್ದವು. ಅವನ್ನು ಕೂರಿಸಿ, ಚಾಲೂ ಮಾಡಿಕೊಟ್ಟು ಬರಲು ಕಾರ್ಖಾನೆಯಿಂದ ಇಬ್ಬರು ಮೂವರು ಹೋಗಬೇಕಿತ್ತು. ಹೇಮಲತಾ ಪ್ರತಿ ಸಲ ತನ್ನ ಹೆಸರು ಕೊಟ್ಟಳು. ಪ್ರತಿ ಸಲವೂ ಅದೇ ಉತ್ತರ: "ಅಲ್ಲಿ ಲೇಡೀಸ್ ಉಳ್ಕೊಳ್ಳೋಕೆ ವ್ಯವಸ್ಥೆ ಇಲ್ಲ ಮೇಡಂ." ಅವಳ ಕೈಕೆಳಗೆ ಕೆಲಸ ಕಲಿತವರು ತುಂಗಭದ್ರೆಯ ದಂಡೆಗೆ, ಕೃಷ್ಣೆಯ ದಂಡೆಗೆ, ಕಾರವಾರದ ಕಡಲಿಗೆ ಹೋಗಿ ಬಂದರು. ಅವಳು ಮಾತ್ರ ಪೀಣ್ಯದ ಶೆಡ್ಡಿನಲ್ಲೇ ಉಳಿದು, ಯಾವ ವಾಲ್ವು ಯಾವ ಊರಿಗೆ ಹೋಯಿತೆಂದು ಒಂದು ಡೈರಿಯಲ್ಲಿ ಬರೆದಿಟ್ಟುಕೊಂಡಳು.

ಐವತ್ತೆಂಟಕ್ಕೆ ನಿವೃತ್ತಿಯಾದ ಮೇಲೆ ಅವಳು ಉಳಿದುಕೊಳ್ಳುವ ವ್ಯವಸ್ಥೆಯನ್ನೇ ಕೊಂಡುಕೊಂಡಳು. ವೈಟ್‌ಫೀಲ್ಡಿನ ದಂಪತಿ ಮಾರಾಟಕ್ಕಿಟ್ಟಿದ್ದ ಒಂದು ಕ್ಯಾಂಪರ್ ವ್ಯಾನ್. ಒಳಗೆ ಒಂದು ಒಲೆ, ಒಂದು ನೀರಿನ ತೊಟ್ಟಿ, ಒಂದು ಚಿಕ್ಕ ಬೀರು. ಚಾವಣಿಯ ಕೊಕ್ಕೆ ಬಿಚ್ಚಿ ತಳ್ಳಿದರೆ ಟ್ರಂಕಿನ ಮುಚ್ಚಳದಂತೆ ಮೇಲಕ್ಕೆ ಏಳುತ್ತಿತ್ತು. ಮೂರು ಕಡೆ ದಪ್ಪ ಬಟ್ಟೆಯ ಗೋಡೆ ಬಿಚ್ಚಿಕೊಂಡು, ಮೇಲೆ ಇಬ್ಬರು ಮಲಗುವಷ್ಟು ಜಾಗ ಆಗುತ್ತಿತ್ತು. ಗಂಡ ರುದ್ರೇಶ್ ಖಾಸಗಿ ಶಾಲೆಯೊಂದರಲ್ಲಿ ಗಣಿತ ಮೇಷ್ಟ್ರಾಗಿದ್ದವನು. ವಾಹನ ಓಡಿಸಲು ಬಾರದವನು, ಕಲಿಯುವ ಆಸೆಯೂ ಇಲ್ಲದವನು. ಅವನು ವ್ಯಾನಿನ ಸುತ್ತ ಒಂದು ಸುತ್ತು ಬಂದು, "ಲಾಡ್ಜ್‌ಗಳು ಯಾತಕ್ಕೆ ಇರೋದು ಅಂತ ನಿಂಗೆ ಗೊತ್ತು ತಾನೆ?" ಎಂದು ಕೇಳಿದ.

"ಪಂಪ್‌ಹೌಸ್ ಪಕ್ಕ ಲಾಡ್ಜ್ ಇರಲ್ಲ ಕಣ್ರೀ," ಅಂದಳು ಹೇಮಲತಾ.

ವೈಟ್‌ಫೀಲ್ಡಿನವರು ವ್ಯಾನು ಮಾರಿದ್ದೇಕೆ ಎಂಬುದು ಜೂನ್ ತಿಂಗಳ ಮೊದಲ ಜೋರು ಮಳೆಗೆ ಗೊತ್ತಾಯಿತು. ವರ್ತೂರಿನ ತಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಚಾವಣಿ ಎತ್ತಿ ನಿಲ್ಲಿಸಿದ್ದಳು. ಅರ್ಧ ಗಂಟೆಯಲ್ಲಿ ಬಟ್ಟೆಯ ಗೋಡೆ ನೀರು ಕುಡಿದು ಜೋತುಬಿತ್ತು. ಹೊಲಿಗೆಯ ಸಾಲಿನಗುಂಟ ನೀರು ಇಳಿದು ಹಾಸಿಗೆಯೆಲ್ಲ ಒದ್ದೆ. ಅಸೋಸಿಯೇಷನ್ ಕಾರ್ಯದರ್ಶಿ ಮುನೀಂದ್ರ ಕೊಡೆ ಹಿಡಿದು ನಿಂತು, "ಮೇಡಂ, ಬಂದ ಬೆಲೆಗೆ ಕೊಟ್ಬಿಡಿ, ತಲೆನೋವು," ಎಂದು ಸಲಹೆ ಕೊಟ್ಟ. ರುದ್ರೇಶ್ ಒದ್ದೆ ಹಾಸಿಗೆಯ ಒಂದು ತುದಿ ಹಿಡಿದು ಹೊರಗೆಳೆದ.

"ಮೂವತ್ತೊಂದು ವರ್ಷ ಕಬ್ಬಿಣ ಸೋರದೆ ಇರೋ ಹಾಗೆ ನೋಡ್ಕೊಂಡಿದೀನಿ," ಅಂದಳು, ಹಾಸಿಗೆ ಹಿಂಡುತ್ತ. "ಬಟ್ಟೆ ನಂಗೆ ಯಾವ ಲೆಕ್ಕ?"

ಬಟ್ಟೆಯ ಗೋಡೆಯನ್ನೇ ಬದಲಿಸುವುದು ಕಷ್ಟದ ಕೆಲಸ. ಇಡೀ ಚಾವಣಿ ಕಳಚಬೇಕಾಗುತ್ತಿತ್ತು. ಸುಲಭದ ದಾರಿ ಎಂದರೆ ಎದ್ದು ನಿಂತ ಚಾವಣಿಗೆ ಮೇಲಿನಿಂದ ಒಂದು ಹೊದಿಕೆ ಹಾಕುವುದು. ಮಳೆ ಬಂದಾಗ ಹೊದಿಸಿ, ಬಿಸಿಲು ಬಂದಾಗ ಬಿಚ್ಚಿ, ಮಡಚಿ ಇಡುವಂಥದ್ದು. ರುದ್ರೇಶ್ ಮಾರುಕಟ್ಟೆಯಿಂದ ನೀಲಿ ಪ್ಲಾಸ್ಟಿಕ್ ಶೀಟು ತಂದ. ಮೊದಲ ಗಾಳಿಗೆ ಅದು ಪಟಪಟ ಹೊಡೆದುಕೊಂಡು, ಮೂರನೇ ಮಹಡಿಯವರು ನಿದ್ದೆ ಬರುವುದಿಲ್ಲವೆಂದು ಫೋನು ಮಾಡಿದರು. ಆನ್‌ಲೈನಿನಲ್ಲಿ ತರಿಸಿದ ಬೆಳ್ಳಿ ಬಣ್ಣದ ಕವರು ಯಾವುದೋ ವಿದೇಶಿ ವ್ಯಾನಿನ ಅಳತೆಯದು. ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಜೋಲು. ಜೋಲಿನಲ್ಲಿ ನೀರು ನಿಂತು ಕೊಳವಾಯಿತು.

ಆಮೇಲೆ ಹೇಮಲತಾ ತನಗೆ ತಿಳಿದ ದಾರಿ ಹಿಡಿದಳು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಸುತ್ತಿ ಅಂಗೈಯಗಲದ ಏಳು ಬಟ್ಟೆ ಚೂರು ತಂದಳು. ಪ್ರತಿಯೊಂದನ್ನೂ ಒಂದೊಂದು ಸ್ಟೀಲ್ ಲೋಟದ ಬಾಯಿಗೆ ಕುಳಿ ಬೀಳುವಂತೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಕುಳಿಗೆ ನೀರು ಹೊಯ್ದು, ನಂಬರು ಬರೆದು ಬಾಲ್ಕನಿಯಲ್ಲಿ ಸಾಲಾಗಿ ಇಟ್ಟಳು. ಇಪ್ಪತ್ತನಾಲ್ಕು ಗಂಟೆ ಯಾರೂ ಮುಟ್ಟುವಂತಿಲ್ಲ. ರುದ್ರೇಶ್ ಎರಡು ದಿನ ಬಟ್ಟಲಿನಲ್ಲಿ ಕಾಫಿ ಕುಡಿದ. ನಾಲ್ಕು ಲೋಟಗಳ ತಳದಲ್ಲಿ ನೀರು ಕಂಡಿತು. ಮೂರು ಒಣಗಿದ್ದವು. ಆ ಮೂರನ್ನು ಬಿಸಿಲಿಗೆ ಹಾಕಿ, ನೂರು ಸಲ ಮಡಚಿ, ಮತ್ತೆ ಕಟ್ಟಿದಳು. ಎರಡು ಉಳಿದವು. ಎರಡೂ ಜಿಗಣಿಯ ಒಂದೇ ಅಂಗಡಿಯವು.

ಜಿಗಣಿ ಕೈಗಾರಿಕಾ ಪ್ರದೇಶದ ಹಿಂದಿನ ಬೀದಿಯಲ್ಲಿ, ಲಾರಿ ನಿಲ್ಲುವ ಬಯಲಿನ ಎದುರು ನಲ್ಲಪ್ಪನ ಟಾರ್ಪಾಲ್ ಅಂಗಡಿ. ಆನೇಕಲ್ ಕಡೆಯ ಮನುಷ್ಯ, ಅರವತ್ತು ದಾಟಿದವನು. ಹೇಮಲತಾ ವ್ಯಾನು ತಂದು ನಿಲ್ಲಿಸಿ ಚಾವಣಿ ಎತ್ತಿ ತೋರಿಸಿದಾಗ ಅವನು ನಕ್ಕ.

"ಇದ್ಕೆ ಯಾಕ್ ಮೇಡಂ ಇಷ್ಟು ಯೋಚ್ನೆ? ಲಾರಿ ಟಾರ್ಪಾಲ್ ಆಕ್ಬುಡಿ. ಅತ್ತು ವರ್ಸ ಏನೂ ಆಗಕಿಲ್ಲ."

ಅದು ಒಣಗಿ ಉಳಿದಿದ್ದ ಎರಡು ಬಟ್ಟೆಗಳಲ್ಲಿ ಒಂದು. ಹೇಮಲತಾಗೂ ಅದೇ ಸರಿ ಅನ್ನಿಸಿತ್ತು. ಆಗ ಒಳಗಿನ ಯಂತ್ರದ ಹಿಂದಿನಿಂದ ಒಂದು ಹೆಣ್ಣು ದನಿ ಬಂತು: "ಆ ಟಾರ್ಪಾಲು ಭಾಳ ಒಜ್ಜಿ ಆಕ್ಕೈತ್ರಿ. ಈ ಮುಚ್ಚಳ ಎತ್ತೂ ಸಣ್ಣ ಕೋಲು ತಡಿಯಂಗಿಲ್ಲ."

ಮಾತಾಡಿದವಳು ಮಹಾದೇವಿ. ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯವಳು, ಮೂವತ್ತನಾಲ್ಕರ ವಯಸ್ಸು. ಹನ್ನೆರಡು ವರ್ಷದ ಹಿಂದೆ ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಬಂದವಳು, ಬ್ಯಾಗ್ ಕಾರ್ಖಾನೆಯಲ್ಲಿ ಹೊಲಿಗೆ ಕಲಿತು, ಈಗ ನಲ್ಲಪ್ಪನ ಅಂಗಡಿಯಲ್ಲಿ ದಪ್ಪ ಬಟ್ಟೆಯ ಯಂತ್ರಕ್ಕೆ ಕೂರುತ್ತಿದ್ದಳು. ಅಂಗಡಿಯ ಉಳಿದ ಮೂವರೂ ಗಂಡಸರು. ಅವಳಿಗೆ ಸಿಗುತ್ತಿದ್ದುದು ಬಹುಮಟ್ಟಿಗೆ ರಿಪೇರಿ ಕೆಲಸ.

ಹೇಮಲತಾ ಚಾವಣಿಯನ್ನು ಎತ್ತಿ ಹಿಡಿದಿದ್ದ ತೆಳು ಕೋಲುಗಳನ್ನು ನೋಡಿದಳು. ಟಾರ್ಪಾಲಿನ ಒಂದು ಮಡಿಕೆಯನ್ನು ಚಾವಣಿಯ ಮೇಲೆ ಇಡಿಸಿದಳು. ಚಾವಣಿ ನಿಧಾನವಾಗಿ, ಕಣ್ಣೆದುರೇ, ನಾಲ್ಕು ಬೆರಳು ಕೆಳಗಿಳಿಯಿತು.

"ನೀನೇ ಹೊಲಿತೀಯಾ?" ಎಂದು ಕೇಳಿದಳು.

ಮಹಾದೇವಿ ನಲ್ಲಪ್ಪನ ಮುಖ ನೋಡಿದಳು. ನಲ್ಲಪ್ಪ ಭುಜ ಕುಣಿಸಿದ. "ಹೊಲಿತೀನ್ರಿ," ಅಂದಳು.

ಆರಿಸಿದ್ದು ಎರಡನೆಯ ಬಟ್ಟೆ. ಬೂದು ಬಣ್ಣದ ಪಾಲಿಯೆಸ್ಟರು, ಒಳಮೈಗೆ ರಬ್ಬರಿನಂಥ ಲೇಪ. ಹಗುರ, ಆದರೆ ಗಟ್ಟಿ. ಮಹಾದೇವಿ ವ್ಯಾನಿನ ಮೇಲೆ ಹತ್ತಿ ಎರಡು ತಾಸು ಅಳತೆ ತೆಗೆದಳು. ಅದಕ್ಕೆ ಅವಳು ಕವರು ಎನ್ನಲಿಲ್ಲ, ಅಂಗಿ ಎಂದಳು. ಸಣ್ಣ ಸೂಜಿ ಹಾಕಿದಳು, ತೂತು ಚಿಕ್ಕದಾಗಲಿ ಎಂದು. ಎರಡು ತುಂಡು ಸೇರುವ ಕಡೆ ಮೇಲಿನದು ಕೆಳಗಿನದರ ಮೇಲೆ ಬರುವಂತೆ ಮಡಚಿ ಹೊಲಿದಳು.

"ಮೇವಿನ ಬಣವಿ ಒಟ್ಟೂ ಮುಂದ ಹಿಂಗ ಮಾಡತೀವ್ರಿ," ಅಂದಳು. "ಮ್ಯಾಲಿನ ಸಿವುಡು ಕೆಳಗಿಂದರ ಮ್ಯಾಲ ಬಂದ್ರ ನೀರು ಒಳಗ ಹೊಕ್ಕೋದಿಲ್ಲ, ಜಾರಿ ಹೋಕ್ಕೈತಿ."

ಆಗಸ್ಟಿನಲ್ಲಿ ಅಂಗಿ ತಯಾರಾಯಿತು. ಅಂಚಿಗೆ ದಾರ ಎಳೆದು ಕಟ್ಟಿದರೆ ಗಾಳಿಗೆ ಅಲುಗದೆ ಬಿಗಿಯಾಗಿ ಕೂರುತ್ತಿತ್ತು. ಅದನ್ನು ತೊಡಿಸಿ, ಜೋರು ಮಳೆಯ ಒಂದು ರಾತ್ರಿ ಹೇಮಲತಾ ಮತ್ತು ರುದ್ರೇಶ್ ವ್ಯಾನಿನ ಮೇಲಿನ ಹಾಸಿಗೆಯಲ್ಲಿ ಮಲಗಿದರು. ಬೆಳಿಗ್ಗೆ ಆರಕ್ಕೆ ಹೇಮಲತಾ ಕಣ್ಣು ಬಿಟ್ಟಾಗ ಮೂಗಿನ ಮೇಲೆ ಒಂದು ಹನಿ ಬಿತ್ತು.

ಎದ್ದು ಕೂತು ನೋಡಿದರೆ ಚಾವಣಿಯ ಒಳಮೈ ತುಂಬ ಹನಿಗಳು. ಬಟ್ಟೆಯ ಗೋಡೆ ಮುಟ್ಟಿದರೆ ತೇವ. ತಲೆದಿಂಬು ಒದ್ದೆ. ಅವಳಿಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಮುಖ ತೊಳೆದು, ತಿಂಡಿಯನ್ನೂ ತಿನ್ನದೆ, ಸರ್ಜಾಪುರದ ದಾರಿಯಲ್ಲಿ ಜಿಗಣಿಗೆ ವ್ಯಾನು ಓಡಿಸಿದಳು. ಅಂಗಿಯನ್ನು ನಲ್ಲಪ್ಪನ ಮೇಜಿನ ಮೇಲೆ ಹಾಕಿ, ಎಲ್ಲರೆದುರಿಗೂ ಮಹಾದೇವಿಗೆ ಹೇಳಿದಳು: "ನಿನ್ನ ಹೊಲಿಗೆ ಸೋರ್ತಿದೆ."

ನಲ್ಲಪ್ಪನಿಗೆ ಅಷ್ಟೇ ಸಾಕಿತ್ತು. "ನಾನು ಏಳ್ಳಿಲ್ವಾ ಮೇಡಂ? ಲಾರಿ ಟಾರ್ಪಾಲ್ ಆಕ್ಬುಡಿ ಅಂತ. ಎಂಗಸ್ರು ಕೈಗೆ ಇಂಥ ಕೆಲ್ಸ ಕೊಟ್ರೆ ಇಂಗೇ ಆಗೋದು. ಏಯ್ ಮಾದೇವಿ, ಇನ್ಮೇಲೆ ನೀನು ತೂತಿಗೆ ರಿಂಗ್ ಒಡೆಯೋ ಕೆಲ್ಸ ನೋಡ್ಕೋ. ಮಿಷನ್‌ಗೆ ಕೂರೋದು ಬ್ಯಾಡ."

ಮಹಾದೇವಿ ಯಂತ್ರದಿಂದ ಎದ್ದಳು. ಅಂಗಿಯನ್ನು ಕೈಗೆತ್ತಿಕೊಂಡು, ಒಂದೊಂದೇ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕಣ್ಣಲ್ಲಿ ನೀರಿರಲಿಲ್ಲ. "ನನ್ನ ಹೊಲಿಗಿ ಸೋರಂಗಿಲ್ರಿ ಅಕ್ಕಾರ," ಅಂದಳು. "ಇನ್ನೊಮ್ಮಿ ನೋಡ್ರಿ. ಖರೇನ ಸೋರಿದ್ರ ನಾ ಊರಿಗೆ ಹೋಗತೀನಿ."

ಹೇಮಲತಾ ಅಂಗಿಯನ್ನು ತೆಗೆದುಕೊಂಡು ವಾಪಸು ಹೊರಟಳು. ಚಂದಾಪುರದ ಸಿಗ್ನಲ್ಲಿನಲ್ಲಿ ನಿಂತಾಗ ಆ ಮಾತು ಅವಳನ್ನು ಹಿಡಿದುಕೊಂಡಿತು. ತಾನೂ ಒಮ್ಮೆ ಹಾಗೆ ಹೇಳಿದ್ದುಂಟು. ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ ಅವಳು ಪಾಸ್ ಮಾಡಿದ್ದ ಆರು ವಾಲ್ವುಗಳು ಸೋರುತ್ತವೆಂದು ದೂರು ಬಂದು, ಹದಿನೈದು ದಿನ ಅವಳನ್ನು ಬೆಂಚಿನಿಂದ ಎಬ್ಬಿಸಿ ಸ್ಟೋರಿನಲ್ಲಿ ಕೂರಿಸಿದ್ದರು. ಸೋರುತ್ತಿದ್ದುದು ವಾಲ್ವಲ್ಲ, ಅದಕ್ಕೆ ಜೋಡಿಸಿದ ಕೊಳವೆ ಎಂದು ಆಮೇಲೆ ತಿಳಿಯಿತು. ಕ್ಷಮಿಸು ಎಂದು ಯಾರೂ ಹೇಳಲಿಲ್ಲ. ಸುಮ್ಮನೆ ಮರಳಿ ಬೆಂಚಿಗೆ ಕಳಿಸಿದರು.

ಒಂದು ಹನಿ ಕಂಡರೆ ವಾಪಸ್ ಎಂಬುದು ಕಾರ್ಖಾನೆಯ ನಿಯಮ. ಆದರೆ ಹನಿ ಎಲ್ಲಿಂದ ಬಂತು ಎಂದು ನೋಡದೆ ತಪ್ಪು ಹೊರಿಸಬಾರದು ಎಂಬುದು ಹೇಮಲತಾ ಆ ಹದಿನೈದು ದಿನದಲ್ಲಿ ತಾನೇ ಮಾಡಿಕೊಂಡ ನಿಯಮ. ಅದನ್ನು ಇವತ್ತು ತಾನೇ ಮುರಿದಿದ್ದಳು.

ಮನೆಗೆ ಬಂದವಳೇ ಬಿಳಿ ಬಟ್ಟೆಗೆ ಹಾಕುವ ನೀಲಿಯ ಎರಡು ಬಾಟಲಿ ತಂದಳು. ದೊಡ್ಡ ಡ್ರಮ್ಮಿನ ನೀರಿಗೆ ಅದನ್ನು ಕಲಸಿದಳು. ಕಾರ್ಖಾನೆಯಲ್ಲಿ ಗುಟ್ಟಾದ ಸೋರಿಕೆ ಹುಡುಕಲು ನೀರಿಗೆ ಬಣ್ಣ ಹಾಕುತ್ತಿದ್ದರು, ಅದೇ ಉಪಾಯ. ಒಳಗೆ ಹಾಸಿಗೆಯ ತುಂಬ ಬಿಳಿ ಪಂಚೆ ಹರಡಿ, ಅಂಗಿ ತೊಡಿಸಿ, ಏಣಿ ಹತ್ತಿ ಬಕೆಟ್‌ಗಟ್ಟಲೆ ನೀಲಿ ನೀರು ಸುರಿದಳು. ರುದ್ರೇಶ್ ಕೆಳಗಿನಿಂದ ತುಂಬಿ ತುಂಬಿ ಕೊಟ್ಟ. ಒಂದು ಗಂಟೆ. ಅಂಗಳವೆಲ್ಲ ನೀಲಿ, ಮುನೀಂದ್ರನ ಮುಖ ಕೆಂಪು.

ಒಳಗೆ ಹೋಗಿ ನೋಡಿದರೆ ಪಂಚೆ ಬೆಳ್ಳಗೆ ಒಣಗಿತ್ತು. ಒಂದು ಚುಕ್ಕೆ ಇಲ್ಲ.

"ಹಾಗಾದ್ರೆ ಬೆಳಿಗ್ಗೆ ನೀರು ಎಲ್ಲಿಂದ ಬಂತು?" ಅಂದ ರುದ್ರೇಶ್.

"ಗೊತ್ತಿಲ್ಲ. ಇವತ್ತೂ ಇಲ್ಲೇ ಮಲಗೋಣ. ಹೊರಗಡೆ ನೀಲಿ ಹಾಗೇ ಇರ್ಲಿ."

ಬೆಳಿಗ್ಗೆ ಮತ್ತೆ ಒಳಮೈಯಲ್ಲಿ ಹನಿಗಳು. ಹೇಮಲತಾ ಒಂದು ಬಿಳಿ ಕಾಗದದಿಂದ ಅವನ್ನು ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದಳು. ಕಾಗದ ತೇವವಾಗಿತ್ತು, ನೀಲಿಯಾಗಿರಲಿಲ್ಲ. ತಿಳಿನೀರು. ಹೊರಗಿನದಲ್ಲ. ಅವಳು ಬಹಳ ಹೊತ್ತು ಆ ಕಾಗದ ನೋಡುತ್ತ ಕೂತಳು. ಆಮೇಲೆ ಬಾಯಿ ತೆರೆದು ಕೈಗನ್ನಡಿಯ ಮೇಲೆ ಉಸಿರು ಬಿಟ್ಟಳು. ಕನ್ನಡಿ ಮಂಜಾಯಿತು.

"ನಮ್ಮ ಉಸಿರು ಕಣ್ರೀ," ಅಂದಳು. "ಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲ. ಉಸಿರೇ ತಣ್ಣಗಾಗಿ ನೀರಾಗಿದೆ."

ರುದ್ರೇಶ್ ಕನ್ನಡಿ ಇಸಿದುಕೊಂಡು ತಾನೂ ಉಸಿರು ಬಿಟ್ಟು ನೋಡಿದ. "ಅಂದ್ರೆ ಸೋರ್ತಿರೋದು ನಾನು."

"ನಾವಿಬ್ರೂ."

ಹೇಮಲತಾ ಅವತ್ತೇ ಜಿಗಣಿಗೆ ಹೋದಳು. ಮಹಾದೇವಿ ಬಾಗಿಲ ಬಳಿ ನೆಲದ ಮೇಲೆ ಕೂತು ಟಾರ್ಪಾಲಿನ ತೂತುಗಳಿಗೆ ಹಿತ್ತಾಳೆ ರಿಂಗು ಹೊಡೆಯುತ್ತಿದ್ದಳು. ನಲ್ಲಪ್ಪ, ಮೂವರು ಕೆಲಸಗಾರರು, ಲಾರಿಯವನೊಬ್ಬ ಎಲ್ಲ ಇದ್ದರು. ಹೇಮಲತಾ ಬೇಕೆಂದೇ ಅವರೆಲ್ಲ ಕೇಳುವಂತೆ ಮಾತಾಡಿದಳು.

"ಮಹಾದೇವಿ, ನಿನ್ನ ಹೊಲಿಗೆ ಸೋರ್ತಿಲ್ಲ. ಒಂದು ಗಂಟೆ ಬಣ್ಣದ ನೀರು ಸುರಿದು ನೋಡಿದೆ, ಒಂದು ಹನಿ ಒಳಗೆ ಬಂದಿಲ್ಲ. ಪರೀಕ್ಷೆ ಮಾಡ್ದೆ ನಿನ್ನ ಮೇಲೆ ಮಾತಾಡಿದ್ದು ನನ್ನ ತಪ್ಪು. ಕ್ಷಮಿಸು." ಆಮೇಲೆ ನಲ್ಲಪ್ಪನ ಕಡೆ ತಿರುಗಿದಳು. "ನಲ್ಲಪ್ಪನೋರೇ, ಮೂವತ್ತೊಂದು ವರ್ಷ ಸೋರಿಕೆ ನೋಡಿದೋಳು ಹೇಳ್ತಿದೀನಿ. ಇಂಥ ಹೊಲಿಗೆ ನಾನು ನೋಡಿಲ್ಲ. ಇವಳು ಮಿಷನ್‌ಗೆ ಕೂತ್ರೆ ಮಾತ್ರ ನನ್ನ ಕೆಲಸ ನಿಮ್ಮ ಅಂಗಡೀಲಿ."

ನಲ್ಲಪ್ಪ ತಲೆ ಕೆರೆದುಕೊಂಡ. "ಅಲ್ಲ ಮೇಡಂ, ನಾನೇನೋ ಬಾಯ್ ತಪ್ಪಿ ಅಂದೆ..." ಎಂದು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿ, "ಓಗಮ್ಮ, ಮಿಷನ್‌ಗೆ ಓಗು," ಅಂದ.

ಮಹಾದೇವಿ ತಕ್ಷಣ ಏಳಲಿಲ್ಲ. ಕೈಯಲ್ಲಿದ್ದ ರಿಂಗನ್ನು ಹೊಡೆದು ಮುಗಿಸಿ, ಸುತ್ತಿಗೆ ಇಟ್ಟು, ಸೀರೆಯ ಧೂಳು ಕೊಡವಿ ಎದ್ದಳು. "ಹಂಗಾರ ನೀರು ಎಲ್ಲಿಂದ ಬಂತ್ರಿ ಅಕ್ಕಾರ?" ಎಂದು ಕೇಳಿದಳು. ತನ್ನ ಮೇಲಿನ ಆರೋಪಕ್ಕಿಂತ ಅದೇ ಅವಳನ್ನು ಕೊರೆಯುತ್ತಿದ್ದಂತಿತ್ತು.

ಹೇಮಲತಾ ಉಸಿರಿನ ಕತೆ ಹೇಳಿದಳು. ಗಾಳಿ ಆಡಲು ಕಿಂಡಿ ಬಿಡಬೇಕು, ಆದರೆ ಕಿಂಡಿ ಬಿಟ್ಟರೆ ಮಳೆ ಒಳಗೆ ಬರುತ್ತದೆ. ಅದಕ್ಕೇನು ಮಾಡುವುದೋ ತನಗೂ ತೋಚಿಲ್ಲ ಅಂದಳು.

ಮಹಾದೇವಿ ನಕ್ಕಳು. ಅವಳು ನಕ್ಕಿದ್ದನ್ನು ಹೇಮಲತಾ ಮೊದಲ ಸಲ ನೋಡಿದ್ದು. "ಅದೇನ್ ದೊಡ್ಡದ್ರಿ? ನಮ್ಮ ಕಡೆ ಮಾಳಿಗಿ ಮನಿಗೆ ಬೆಳಕಿಂಡಿ ಇರತಾವು. ಒಲಿ ಹೊಗಿ ಅದರಾಗ ಹೊರಗ ಹೋಗಬೇಕು. ಮಳಿ ಬಂದ್ರ ಏನ್ ಮಾಡತೀವಿ? ಅದರ ಮ್ಯಾಲ ಹಿಟ್ಟು ನಾದೂ ಪರಾತ ಬೋರಲು ಹಾಕಿ, ಒಂದ್ ಬದಿಗೆ ಕಲ್ಲಿಟ್ಟು ಎತ್ತತೀವಿ. ನೀರು ಪರಾತದ ಮ್ಯಾಲ ಜಾರತೈತಿ, ಹೊಗಿ ಸಂದಿಲೆ ಹೋಕ್ಕೈತಿ."

ಅವಳು ಅಲ್ಲೇ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆದಳು. ಅಂಗಿಯ ಎರಡು ಬದಿಗೆ ಎರಡು ಕಿಂಡಿ: ಒಂದು ತಗ್ಗಿನಲ್ಲಿ, ಒಂದು ಎತ್ತರದಲ್ಲಿ. ಪ್ರತಿ ಕಿಂಡಿಗೂ ಸೊಳ್ಳೆ ಪರದೆಯ ಜಾಳಿಗೆ. ಅದರ ಮೇಲೆ ಕೆಳಮುಖವಾಗಿ ಇಳಿಬಿಟ್ಟ ಬಟ್ಟೆಯ ಮುಸುಕು. ಮುಸುಕು ಅಂಟಿಕೊಳ್ಳದೆ ಎತ್ತಿ ನಿಲ್ಲಲಿ ಎಂದು ಒಳಗೊಂದು ಬಾಗಿಸಿದ ತಂತಿ. ಎರಡು ದಿನದಲ್ಲಿ ಕೆಲಸ ಮುಗಿಯಿತು. ಹೇಮಲತಾ ಮತ್ತೆ ನೀಲಿ ಸುರಿದಳು, ಮತ್ತೆ ಬಿಳಿ ಪಂಚೆ ಹರಡಿದಳು, ಮತ್ತೆ ಮಲಗಿ ಎದ್ದಳು. ಬೆಳಿಗ್ಗೆ ಚಾವಣಿಯ ಒಳಮೈ ಮುಟ್ಟಿದಾಗ ಬೆರಳಿಗೆ ಏನೂ ಹತ್ತಲಿಲ್ಲ.

ಅಕ್ಟೋಬರಿನ ಮೊದಲ ವಾರ ಅವರು ಹೊರಟರು. ತುಮಕೂರು, ಚಿತ್ರದುರ್ಗ, ಹೊಸಪೇಟೆ ದಾಟಿ ತುಂಗಭದ್ರೆಯ ದಂಡೆಯ, ಅವಳ ಡೈರಿಯಲ್ಲಿದ್ದ ಒಂದು ಏತ ನೀರಾವರಿ ಪಂಪ್‌ಹೌಸಿಗೆ. ಹೊಸೂರು ರಸ್ತೆಯ ಮೇಲುಸೇತುವೆಯನ್ನೇ ದೊಡ್ಡ ಪ್ರಯಾಣ ಎಂದುಕೊಂಡಿದ್ದ ಹೇಮಲತಾ ಎರಡು ದಿನ ತಾನೊಬ್ಬಳೇ ಓಡಿಸಿದಳು. ರುದ್ರೇಶ್ ಪಕ್ಕದಲ್ಲಿ ಕೂತು ಕಿಲೋಮೀಟರು ಲೆಕ್ಕ ಹೇಳಿದ, ಕಿತ್ತಲೆ ಸುಲಿದು ಕೊಟ್ಟ.

ಪಂಪ್‌ಹೌಸಿನ ಆಪರೇಟರ್ ಕೊಟ್ರಪ್ಪ ಗೇಟಿಗೆ ಬಂದು ಅನುಮಾನದಿಂದ ನೋಡಿದ. ಹೇಮಲತಾ ಡೈರಿ ತೆಗೆದು ವಾಲ್ವಿನ ನಂಬರು, ಅದು ಬಂದ ವರ್ಷ ಹೇಳಿದಳು. ಅವನು ಒಳಗೆ ಹೋಗಿ ನಂಬರು ನೋಡಿ ಬಂದು, ಗೇಟು ತೆಗೆದ.

ಅವಳ ಎದೆಯೆತ್ತರಕ್ಕೆ ನಿಂತಿತ್ತು ಅದು. ಬಣ್ಣ ಮಾಸಿತ್ತು. ಒಳಗೆ ನದಿ ಓಡುವ ಸದ್ದು. ಹೇಮಲತಾ ಕನ್ನಡಕ ಒರೆಸಿಕೊಂಡು, ಅದರ ಕೀಲುಗಳ ಸುತ್ತ ಬೆರಳಾಡಿಸಿ, ಬಗ್ಗಿ ಕೆಳಗೂ ನೋಡಿದಳು.

"ಹದಿನೇಳು ವರ್ಷ ಆತ್ರಿ," ಅಂದ ಕೊಟ್ರಪ್ಪ. "ಬಾಕಿ ಎಲ್ಲಾ ಬದಲಿ ಮಾಡೀವಿ. ಇದನ್ನ ಮುಟ್ಟಿಲ್ಲ."

ಹೇಮಲತಾ ಡೈರಿ ತೆರೆದು ಆ ನಂಬರಿನ ಮುಂದೆ ಒಂದು ಗುರುತು ಹಾಕಿದಳು. ರುದ್ರೇಶ್ ಅವಳ ಹೆಗಲ ಮೇಲೆ ಕೈ ಇಟ್ಟ. ಬೇರೆಯವರೆದುರಿಗೆ ಅವನು ಹಾಗೆ ಮಾಡಿದ್ದು ಅದೇ ಮೊದಲು.

ಸಂಜೆ ನಾಲ್ಕಕ್ಕೆ ಮಳೆ ಹಿಡಿಯಿತು. ನದಿಯ ಆಚೆ ದಡ ಕಾಣದಷ್ಟು ಮಳೆ. ಕೊಟ್ರಪ್ಪ ಓಡಿಬಂದು, "ಇಲ್ಲೆ ಉಳಕೊಳ್ಳಾಕ ಏನೂ ಇಲ್ರಿ, ಗಂಗಾವತಿಗೆ ಹೋಗಿಬಿಡ್ರಿ, ಲಾಡ್ಜ್ ಐತಿ," ಅಂದ.

ಉತ್ತರ ಕೊಟ್ಟವನು ರುದ್ರೇಶ್. "ಪರವಾಗಿಲ್ಲ, ನಮ್ಮದೇ ವ್ಯವಸ್ಥೆ ಇದೆ."

ಇಬ್ಬರೂ ಮಳೆಯಲ್ಲೇ ಚಾವಣಿ ಎತ್ತಿ, ಅಂಗಿ ತೊಡಿಸಿ, ದಾರ ಬಿಗಿದರು. ಮಳೆ ಹೊಳೆಯ ಕಡೆಯಿಂದ ಅಡ್ಡಡ್ಡ ಹೊಡೆಯಿತು. ಬೆಳಗಾಗುವ ಹೊತ್ತಿಗೆ ನಿಂತಿತು. ಹಾಸಿಗೆ, ಗೋಡೆ, ಚಾವಣಿ ಎಲ್ಲ ಒಣಗಿದ್ದವು. ಅಂಗಡಿ ತೆರೆಯುವ ಹೊತ್ತಿಗೆ ಹೇಮಲತಾ ಮಹಾದೇವಿಗೆ ಫೋನು ಮಾಡಿದಳು. ಆ ಕಡೆ ಯಂತ್ರದ ಸದ್ದು ನಿಂತಿತು.

"ಒಂದು ಹನಿ ಇಲ್ಲ ಕಣೇ," ಅಂದಳು ಹೇಮಲತಾ.

"ಗೊತ್ತಿತ್ತು ಬಿಡ್ರಿ," ಅಂದಳು ಮಹಾದೇವಿ, ಆದರೆ ದನಿ ಅರಳಿತ್ತು. ಅಂಗಡಿಗೆ ಇನ್ನೊಂದು ವ್ಯಾನಿನವರು ಬಂದು ಅಂಥದೇ ಅಂಗಿ ಕೇಳಿದ್ದಾರೆಂದೂ, ಅಳತೆಗೆ ತಾನೇ ಹೋಗಬೇಕೆಂದು ನಲ್ಲಪ್ಪ ಹೇಳಿದ್ದಾನೆಂದೂ ತಿಳಿಸಿದಳು. ಆಮೇಲೆ ದನಿ ಬದಲಿಸಿ, "ಹಸಿ ಅಂಗಿ ಮಡಚಬ್ಯಾಡ್ರಿ ಮತ್ತ. ಬೂಷ್ಟು ಹಿಡಿತೈತಿ. ಪೂರಾ ಒಣಗಲಿ," ಅಂದಳು.

ಹತ್ತು ಗಂಟೆಗೆ ಹೊರಡಬೇಕೆಂದು ರುದ್ರೇಶ್ ಲೆಕ್ಕ ಹಾಕಿಟ್ಟಿದ್ದ. ಹೇಮಲತಾ ಅಂಗಿಯನ್ನು ಬಿಚ್ಚಿ, ಪಂಪ್‌ಹೌಸಿನ ಬೇಲಿಯ ಮೇಲೆ ಹರವಿದಳು. ಕೊಟ್ರಪ್ಪ ಮನೆಯಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದ. ಮೂವರೂ ನದಿಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತು ತಿಂದರು. ಮೋಡ ಸರಿದು ಬಿಸಿಲು ಬಂತು. ಹೇಮಲತಾ ಆಗಾಗ ಎದ್ದು ಹೋಗಿ ಬಟ್ಟೆಯ ಅಂಚು ಮುಟ್ಟಿ ನೋಡಿ, ಇನ್ನೂ ಇಲ್ಲ ಎಂದು ಬಂದು ಕೂರುತ್ತಿದ್ದಳು. ಹನ್ನೆರಡರ ಹೊತ್ತಿಗೆ ಅದು ಪೂರ್ತಿ ಒಣಗಿತು. ಮಡಚಿ ಬೀರುವಿನಲ್ಲಿಟ್ಟು, ಚಾವಣಿ ಇಳಿಸಿ, ಅವಳು ವ್ಯಾನನ್ನು ಕೃಷ್ಣೆಯ ದಿಕ್ಕಿಗೆ ತಿರುಗಿಸಿದಳು.